ಗೆರೆ ತಣ್ಣಗಿತ್ತು, ನಕ್ಷತ್ರ ಉದ್ದವಾಗಿತ್ತು

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. ಯಾರ ಜೊತೆ? ಗೈಡಿಂಗ್ ಗ್ರಾಫ್ ಜೊತೆ. ಆಕಾಶದ ಫೋಟೋ ತೆಗೆಯುವಾಗ ಟೆಲಿಸ್ಕೋಪ್ ನಕ್ಷತ್ರವನ್ನು ಎಷ್ಟು ಸರಿಯಾಗಿ ಹಿಂಬಾಲಿಸುತ್ತಿದೆ ಅಂತ ತೋರಿಸುವ ಗೆರೆ ಅದು.

ಮೊನ್ನೆ ರಾತ್ರಿ ಏನಾಯ್ತು ಕೇಳಿ. ಟೆಲಿಸ್ಕೋಪ್ ಬೆನ್ನ ಮೇಲೆ ಪುಟ್ಟ ಗೈಡ್ ಸ್ಕೋಪ್, ಅದರ ಹಿಂದೆ ಗೈಡ್ ಕ್ಯಾಮೆರಾ. ಈ ಕ್ಯಾಮೆರಾದಲ್ಲಿ ನಕ್ಷತ್ರ ಸರಿದರೆ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಅದನ್ನು ತಿದ್ದುತ್ತದೆ. ಗೈಡಿಂಗ್ ಸಾಫ್ಟ್‌ವೇರ್ ಪಿಎಚ್‌ಡಿ2 ತೋರಿಸಿದ ಒಟ್ಟು ಆರ್‌ಎಂಎಸ್, ಅಂದರೆ ಒಂಥರಾ ಸರಾಸರಿ ತಪ್ಪು, 0.6 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). ಗೆರೆ ತಣ್ಣಗೆ ಮಲಗಿತ್ತು. ನಾನೂ ಹೋಗಿ ಮಲಗಿದೆ. ಬೆಳಗ್ಗೆ ನೋಡಿದರೆ, 5 ನಿಮಿಷದ ಒಂದೊಂದು ಫೋಟೋದಲ್ಲೂ ನಕ್ಷತ್ರಗಳು ಉದ್ದುದ್ದ. ಎಲ್ಲವೂ ಒಂದೇ ದಿಕ್ಕಿಗೆ!

ಸಿಕ್ಕಿಹಾಕಿಸಿದ್ದು ಪ್ಲೇಟ್ ಸಾಲ್ವಿಂಗ್. ಗಾಜಿನ ಫಲಕದ ಮೇಲೆ ಫೋಟೋ ತೆಗೆಯುತ್ತಿದ್ದ ಕಾಲದ ಹೆಸರು ಅದು, ಇನ್ನೂ ಉಳಿದುಕೊಂಡಿದೆ. ಫೋಟೋದಲ್ಲಿರುವ ನಕ್ಷತ್ರಗಳನ್ನು ಕ್ಯಾಟಲಾಗ್ ಜೊತೆ ತಾಳೆ ನೋಡಿ, ಫೋಟೋದ ನಡುಮಧ್ಯ ಆಕಾಶದಲ್ಲಿ ಎಲ್ಲಿದೆ ಅಂತ ಹೇಳುತ್ತದೆ. ಈ ಕೆಲಸ ಮಾಡುವ ಆಸ್ಟ್ರೋಮೆಟ್ರಿ ಡಾಟ್ ನೆಟ್ ಅನ್ನುವ ಸಾಫ್ಟ್‌ವೇರ್ ನಾಲ್ಕು ನಾಲ್ಕು ನಕ್ಷತ್ರ ಹಿಡಿದು ಅವು ಕೂತಿರುವ ಆಕಾರ ನೋಡುತ್ತದೆ. ಕ್ಯಾಮೆರಾ ತಿರುಗಿಸಿ, ಲೆನ್ಸ್ ಬದಲಿಸಿ, ಆ ಆಕಾರ ಹಾಗೇ ಇರುತ್ತದೆ. ನನಗೆ ಇಷ್ಟವಾಗುವುದು ಇನ್ನೊಂದು ಗುಣ. ಹೊಂದಲಿಲ್ಲ ಅಂದರೆ ಸುಮ್ನೆ ಏನೋ ಒಂದು ಹೇಳಿಬಿಡುವುದಿಲ್ಲ, ಆಗಲಿಲ್ಲ ಅನ್ನುತ್ತದೆ.

 

ನಾನು ಮಾಡಿದ್ದಿಷ್ಟೇ. ಒಂದು ಗಂಟೆ ಅಂತರದ ಎರಡು ಫೋಟೋ ಸಾಲ್ವ್ ಮಾಡಿದೆ. ಆ ರಾತ್ರಿ ಡಿದರಿಂಗ್ (ಫೋಟೋಗಳ ನಡುವೆ ಟೆಲಿಸ್ಕೋಪನ್ನು ಬೇಕಂತಲೇ ಸ್ವಲ್ಪ ಸರಿಸುವುದು) ಆಫ್ ಇತ್ತು, ಅಂದರೆ ನಡುಮಧ್ಯ ಅಲ್ಲಾಡಲೇಬಾರದು. ಆದರೆ 62 ಆರ್ಕ್‌ಸೆಕೆಂಡ್ ಸರಿದಿತ್ತು! ನನ್ನ ಪಿಕ್ಸೆಲ್ 3.76 ಮೈಕ್ರಾನ್, ಫೋಕಲ್ ಲೆಂತ್ 500 ಮಿ.ಮೀ. ಅಂದರೆ ಪಿಕ್ಸೆಲ್‌ಗೆ ಸುಮಾರು 1.55 ಆರ್ಕ್‌ಸೆಕೆಂಡ್. ಲೆಕ್ಕ ಹಾಕಿದರೆ ಪ್ರತಿ ಫೋಟೋದಲ್ಲಿ ಮೂರು ಪಿಕ್ಸೆಲ್‌ಗಿಂತ ಜಾಸ್ತಿ ಜಾರಿದೆ. ಫೋಟೋ ತಿರುಗಿರಲಿಲ್ಲ, ಕೋನ ಅಷ್ಟೇ ಇತ್ತು. ಹಾಗಾಗಿ ಪೋಲಾರ್ ಅಲೈನ್‌ಮೆಂಟ್ (ಮೌಂಟ್‌ನ ಅಕ್ಷವನ್ನು ಭೂಮಿಯ ಅಕ್ಷಕ್ಕೆ ಹೊಂದಿಸುವುದು) ಮೇಲೆ ತಪ್ಪು ಹೊರಿಸುವಂತಿರಲಿಲ್ಲ; ಅದು ಕೆಟ್ಟಿದ್ದರೆ ಫೋಟೋ ತಿರುಗಬೇಕಿತ್ತು.

ಗೈಡ್ ಕ್ಯಾಮೆರಾ ತನ್ನ ನಕ್ಷತ್ರವನ್ನು ಬಿಗಿಯಾಗಿಯೇ ಹಿಡಿದಿತ್ತು, ಪಾಪ. ಜಾರುತ್ತಿದ್ದದ್ದು ಗೈಡ್ ಸ್ಕೋಪ್. ನೇತಾಡುವ ಕೇಬಲ್‌ನ ಭಾರಕ್ಕೆ, ಅದನ್ನು ಹಿಡಿದಿರುವ ರಿಂಗಿನೊಳಗೆ, ಕೂದಲೆಳೆಗಿಂತ ಕಡಿಮೆ. ಅದು ಜಾರಿದಷ್ಟೂ ಮೌಂಟ್ ದೊಡ್ಡ ಟೆಲಿಸ್ಕೋಪನ್ನು ಹೊತ್ತು ಅದರ ಹಿಂದೆ ನಡೆಯಿತು. ಇದಕ್ಕೆ ಡಿಫರೆನ್ಷಿಯಲ್ ಫ್ಲೆಕ್ಷರ್ ಅಂತಾರೆ. ಗ್ರಾಫ್‌ನಲ್ಲಿ ಇದು ಕಾಣುವುದೇ ಇಲ್ಲ, ಯಾಕಂದರೆ ಗ್ರಾಫ್ ನೋಡುವುದು ಗೈಡ್ ಕ್ಯಾಮೆರಾದ ಕಣ್ಣಿನಿಂದ.

ಆದರೂ ನಾವೆಲ್ಲ ಏನು ಮಾಡುತ್ತೇವೆ? ಗ್ರಾಫ್ ಇನ್ನಷ್ಟು ಚಪ್ಪಟೆಯಾಗಲಿ ಅಂತ ಗೈಡ್ ಎಕ್ಸ್‌ಪೋಷರ್ ಅರ್ಧ ಸೆಕೆಂಡಿಗೆ ಇಳಿಸುತ್ತೇವೆ. ಆಗ ಮೌಂಟ್ ಗಾಳಿಯ ನಡುಕದ ಹಿಂದೆ ಓಡುತ್ತದೆ. 2-3 ಸೆಕೆಂಡ್ ಇಡಿ, ಸ್ವಾಮಿ. ದೊಡ್ಡ ಟೆಲಿಸ್ಕೋಪಿನ ಬೆಳಕನ್ನೇ ಸ್ವಲ್ಪ ಗೈಡ್ ಕ್ಯಾಮೆರಾಗೆ ತಿರುಗಿಸುವ ಆಫ್-ಆಕ್ಸಿಸ್ ಗೈಡರ್ ಹಾಕಿದರೆ ಈ ಜಾರಾಟದ ಕಾಟವೇ ಇರುವುದಿಲ್ಲ, ನಿಜ. ಆದರೆ ಅದರ ಪುಟ್ಟ ಕಿಂಡಿಯಲ್ಲಿ ನಕ್ಷತ್ರ ಹುಡುಕುವುದು ಇನ್ನೊಂದು ಕರ್ಮ.

ನಾನು ಸದ್ಯಕ್ಕೆ ಕೇಬಲ್ ಎತ್ತಿ ಕಟ್ಟಿ, ರಿಂಗಿನ ಸ್ಕ್ರೂ ಬಿಗಿ ಮಾಡಿದ್ದೇನೆ. ನಿನ್ನೆ ಮತ್ತೆ ಸಾಲ್ವ್ ಮಾಡಿದೆ. ಗಂಟೆಗೆ 5 ಆರ್ಕ್‌ಸೆಕೆಂಡ್. ಗ್ರಾಫ್ ಮಾತ್ರ ಮೊನ್ನೆಯದೇ, 0.6.