ಮುಹೂರ್ತಕ್ಕೆ ಮುಂಚಿನ ಮೂವತ್ತು ದಿನ

ಶ್ರೋತೃಗಳಿಗೆ ನಮಸ್ಕಾರ. ನನ್ನ ಅಕ್ಕನ ಮಗಳು ತನ್ನ ಮದುವೆಗೆ ಬೆಂಗಳೂರಿನ ಛತ್ರ ಬೇಡ, ಸಾಗರದ ಸಮೀಪದ ಒಂದು ಅಡಿಕೆ ತೋಟದ ಮನೆಯಲ್ಲಿ ಐವತ್ತು ಜನರ ಎದುರು, ಪುರೋಹಿತರಿಲ್ಲದ ಸರಳ ಮಂತ್ರಮಾಂಗಲ್ಯದ ರೀತಿಯಲ್ಲಿ ಆಗಲಿ ಎಂದು ಹಟ ಹಿಡಿದಳು. ಎರಡೂ ಮನೆಯವರು ಒಪ್ಪಿದ ಮೇಲೆ ನಾವು ಮೊದಲು ತೋಟದ ಮನೆಗೆ ಮುಂಗಡ ಕೊಟ್ಟೆವು, ಲಗ್ನಪತ್ರಿಕೆಯ ಕರಡು ತಿದ್ದಿದೆವು, ಕಾಗದಪತ್ರದ ವಿಚಾರವನ್ನು ಕಡೆಗಿಟ್ಟೆವು. ಈ ಕ್ರಮ ತಲೆಕೆಳಗಾದದ್ದೆಂದು ತಿಳಿಯಲು ಉಪನೋಂದಣಾಧಿಕಾರಿಗಳ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು.

ಅಮೆರಿಕದಲ್ಲಿರುವ ನೆಂಟರು ದೂರವಾಣಿಯಲ್ಲಿ "ಮ್ಯಾರೇಜ್ ಲೈಸೆನ್ಸ್ ಆಯಿತೇ" ಎಂದು ವಿಚಾರಿಸುತ್ತಿದ್ದರು. ಅಲ್ಲಿ ಮದುವೆಗೆ ಮೊದಲೇ ಸ್ಥಳೀಯ ಕಚೇರಿಯಿಂದ ಪರವಾನಗಿ ಪಡೆಯಬೇಕು. ನಮ್ಮಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗುವವರಿಗೆ ಅಂಥ ಪರವಾನಗಿಯೇ ಇಲ್ಲ. ಶಾಸ್ತ್ರ ಮುಗಿದ ಮೇಲೆ ನೋಂದಣಿ. ಮದುವೆ ನಡೆದ ಊರಿನಲ್ಲಾಗಲಿ, ಗಂಡ ಅಥವಾ ಹೆಂಡತಿ ವಾಸವಿರುವ ಊರಿನಲ್ಲಾಗಲಿ ಅರ್ಜಿ ಹಾಕಬಹುದು. ಈಗ ಕಾವೇರಿ 2.0 ತಂತ್ರಾಂಶದ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದ್ದರಿಂದ ಗೋಕರ್ಣದಲ್ಲೋ ಮಡಿಕೇರಿಯಲ್ಲೋ ಧಾರೆಯೆರೆಸಿಕೊಳ್ಳುವವರಿಗೆ ಊರಿನ ದೂರ ಅಡ್ಡಿಯಾಗುವುದಿಲ್ಲ.

ಆದರೆ ಆ ಕಾಯ್ದೆ ವಧೂವರರಲ್ಲಿ ಒಬ್ಬರ ಕಡೆಯ ರೂಢಿಯ ವಿಧಿಗಳಾದರೂ ನಡೆದಿರಬೇಕು ಎನ್ನುತ್ತದೆ. ವಿಧಿ ನಡೆಯದಿದ್ದರೆ ನೋಂದಣಿ ಪತ್ರವೊಂದರಿಂದಲೇ ಮದುವೆ ಸಿದ್ಧವಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ತಮಿಳುನಾಡು 1967ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಪುರೋಹಿತರಿಲ್ಲದ ಸ್ವಾಭಿಮಾನದ ಮದುವೆಗಳಿಗೆ ಮಾನ್ಯತೆ ಕೊಟ್ಟಿತು. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯವನ್ನು ಆರಿಸಿಕೊಳ್ಳುವ ನಮ್ಮ ಕಡೆಯ ಜೋಡಿಗಳಿಗೆ, ನನ್ನ ತಿಳಿವಳಿಕೆಯಲ್ಲಿ, 1954ರ ವಿಶೇಷ ವಿವಾಹ ಕಾಯ್ದೆಯೇ ಭದ್ರವಾದ ದಾರಿ.

ಊರು ಮತ್ತು ದಿನ ಎರಡೂ ಲೆಕ್ಕಕ್ಕೆ ಬರುವುದು ಆ ದಾರಿಯಲ್ಲಿ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೇ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಮದುವೆಯೋ ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಆಗಬೇಕು, ಇಲ್ಲವಾದರೆ ಹೊಸ ನೋಟಿಸು. ಜನವರಿ 5ಕ್ಕೆ ನೋಟಿಸು ಕೊಟ್ಟವರು ಫೆಬ್ರವರಿ ಮೊದಲ ವಾರದವರೆಗೆ ಕಾದು, ಏಪ್ರಿಲ್ 5ರೊಳಗೆ ಮುಗಿಸಿಕೊಳ್ಳಬೇಕು. ಪಂಚಾಂಗಕ್ಕಿಂತ ಇದು ಬಿಗಿಯಾದ ಲೆಕ್ಕ. ವಿವಾಹಾಧಿಕಾರಿ ಹೆಚ್ಚಿನ ಶುಲ್ಕ ಪಡೆದು ಕಚೇರಿಯ ಹೊರಗೂ ಮದುವೆ ನಡೆಸಿಕೊಡಬಹುದಾದರೂ, ಕಾಯ್ದೆ ಹೇಳುವುದು ಸಮಂಜಸವಾದ ದೂರದೊಳಗೆ ಎಂದು. ಬೆಂಗಳೂರಿನ ಅಧಿಕಾರಿ ಸಾಗರಕ್ಕೆ ಬರುವ ಪ್ರಶ್ನೆಯೇ ಇರಲಿಲ್ಲ.

ಆದ್ದರಿಂದ ನಾವು ಎರಡನ್ನೂ ಬೇರ್ಪಡಿಸಿದೆವು. ಒಂದು ಗುರುವಾರ ಬೆಂಗಳೂರಿನ ಕಚೇರಿಯಲ್ಲಿ ಮೂವರು ಸಾಕ್ಷಿಗಳ ಮುಂದೆ ಇಬ್ಬರೂ ಘೋಷಣೆ ಓದಿ ಸಹಿ ಹಾಕಿದರು. ಅದೇ ರಾತ್ರಿ ತಾಳಗುಪ್ಪದ ರೈಲು ಹತ್ತಿದೆವು. ಮುಂಗಡ ಟಿಕೆಟು ಸಿಗುವುದು 60 ದಿನ ಮೊದಲಷ್ಟೇ ಆದ್ದರಿಂದ, ನೋಟಿಸಿನ ತಾರೀಖು ಗೊತ್ತಾದ ಮೇಲೆ ಟಿಕೆಟು ಕಾದಿರಿಸಿದ್ದು ಒಳ್ಳೆಯದೇ ಆಯಿತು. ತೋಟದಲ್ಲಿ ಹಾರ ಬದಲಾಯಿತು, ಪ್ರತಿಜ್ಞೆಯ ಮಾತುಗಳು ನಡೆದವು, ಬಾಳೆಎಲೆಯ ಮೇಲೆ ಅಪ್ಪೆಹುಳಿ ಬಡಿಸಿದರು. ಮೊದಲು ಹುಡುಗನ ಕಡೆಯವರು ಆಷಾಢದಲ್ಲಿ ಬಾಡಿಗೆ ಕಡಿಮೆ ಎಂದು ಸೂಚಿಸಿದ್ದರು. ಕಾಯ್ದೆಗೆ ಆಷಾಢವಿಲ್ಲ ನಿಜ, ಆದರೆ ಮಲೆನಾಡಿಗೆ ಇದೆ: ಆ ಮಳೆಯಲ್ಲಿ ರೇಷ್ಮೆ ಸೀರೆಯ ಅಂಚಿಗೆ ಹತ್ತುವ ಉಂಬಳಗಳನ್ನು ಬಿಡಿಸುತ್ತ ಕೂರುವುದು ಯಾವ ಬೀಗರಿಗೂ ಹಿತವಾಗದು.

ನಮ್ಮನ್ನು ಹೆಚ್ಚು ಕಾಡಿದ್ದು ಹೆಸರು. ನಮ್ಮವರಲ್ಲಿ ಊರು ಮತ್ತು ಅಪ್ಪನ ಹೆಸರು ಇನಿಷಿಯಲ್ಲಾಗಿ ಮುಂದೆ ನಿಲ್ಲುತ್ತವೆ. ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದೂ ಇಲ್ಲ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ. ಮುಂದೆ ಗಂಡನೊಡನೆ ವಿದೇಶಕ್ಕೆ ಹೋಗುವಾಗ ವೀಸಾ ಕಚೇರಿ ನೋಡುವುದು ಪಾಸ್‌ಪೋರ್ಟನ್ನೇ ಆದ್ದರಿಂದ, ಮೊದಲು ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸಿಕೊಂಡು, ಅನಂತರವೇ ನೋಟಿಸು ಬರೆದೆವು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದರಲ್ಲಿ ಒಂದಕ್ಷರ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಎಷ್ಟೋ ಸುಲಭ.

ಸಾಕ್ಷಿಗಳ ವಿಷಯದಲ್ಲಿ ಒಂದು ಮಾತು. ಪ್ರೀತಿಗೆಂದು ಧಾರವಾಡದ ಸೋದರಮಾವನನ್ನು ಸಾಕ್ಷಿಯಾಗಿ ಗೊತ್ತುಮಾಡಿದ್ದೆವು. ಅವರ ಬಸ್ಸು ತುಮಕೂರಿನ ಹತ್ತಿರ ಕೆಟ್ಟು ನಿಂತಿತು. ಆ ದಿನ ರಿಜಿಸ್ಟರಿನಲ್ಲಿ ಮೂರನೆಯ ಸಹಿ ಹಾಕಿದವರು, ಚೀಲದಲ್ಲಿ ಆಧಾರ್ ಇಟ್ಟುಕೊಂಡೇ ತರಕಾರಿಗೆ ಹೊರಟಿದ್ದ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು.