ಶಾಲಾ ಪತ್ರಿಕೆಯಲ್ಲಿ ಕೆಂಪು ಪೆನ್ನು ಯಾರ ಕೈಯಲ್ಲಿರಬೇಕು?

ಸಹೋದ್ಯೋಗಿ ಮಿತ್ರರೇ,

ಪ್ರೌಢಶಾಲೆಯ ಪತ್ರಿಕೆಗೆ ಮಾರ್ಗದರ್ಶನ ಮಾಡುವ ಶಿಕ್ಷಕರ ಕೈ ಸದಾ ಕೆಂಪು ಪೆನ್ನಿನ ಕಡೆಗೇ ಹೋಗುತ್ತದೆ. ನಾಳೆ ಪುಟ ಮುದ್ರಣಕ್ಕೆ ಹೋಗಬೇಕು, ವರದಿಯಲ್ಲಿ ಸತ್ವವಿಲ್ಲ, ಹತ್ತು ನಿಮಿಷ ಕೂತರೆ ನಾವೇ ಸರಿ ಮಾಡಿಬಿಡಬಹುದು. ಹಾಗೆ ಮಾಡಿದರೆ ಆ ಸಂಚಿಕೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಬರೆದ ಹುಡುಗಿ ಮುಂದಿನ ತಿಂಗಳೂ ಅಂಥದ್ದೇ ವರದಿ ತರುತ್ತಾಳೆ. ಬೈಲೈನ್, ಅಂದರೆ ವರದಿಯ ಜೊತೆ ಅಚ್ಚಾಗುವ ಬರೆದವರ ಹೆಸರು, ಯಾರದೋ ವಾಕ್ಯವೂ ಅವರದೇ ಆಗಿರಬೇಕು. ನಾವು ಅಂಚಿನಲ್ಲಿ ಪ್ರಶ್ನೆ ಬರೆಯಬೇಕು, ಅಷ್ಟೇ.

ಒಂದು ಉದಾಹರಣೆ ನೋಡೋಣ. ವರದಿಯ ಮೊದಲ ಸಾಲು ಹೀಗಿದೆ ಎಂದುಕೊಳ್ಳಿ: ‘ಗ್ರಂಥಾಲಯದ ಹೊಸ ವೇಳಾಪಟ್ಟಿಯಿಂದ ವಿದ್ಯಾರ್ಥಿಗಳು ತೀವ್ರ ಬೇಸರಗೊಂಡಿದ್ದಾರೆ.’ ಇದರ ಪಕ್ಕದಲ್ಲಿ ಬರೆಯಬೇಕಾದ ಪ್ರಶ್ನೆಗಳು ಇವು: ಎಷ್ಟು ಜನರನ್ನು ಕೇಳಿದೆ? ಮೊದಲು ಎಷ್ಟು ಹೊತ್ತಿಗೆ ಮುಚ್ಚುತ್ತಿತ್ತು, ಈಗ ಎಷ್ಟಕ್ಕೆ? ತೀರ್ಮಾನ ಯಾರದು, ಕಾರಣ ಏನು ಕೊಟ್ಟರು? ಉತ್ತರ ಹುಡುಕಿಕೊಂಡು ಬಂದವಳು ತಾನಾಗಿಯೇ ಬರೆಯುತ್ತಾಳೆ: ‘ಸಂಜೆ 5ರವರೆಗೆ ತೆರೆದಿರುತ್ತಿದ್ದ ಗ್ರಂಥಾಲಯ ಮುಂದಿನ ವಾರದಿಂದ 4ಕ್ಕೇ ಮುಚ್ಚಲಿದೆ.’ ‘ತೀವ್ರ’ ಎಂಬ ಪದ ಉದುರಿ ಹೋಯಿತು, ಹೊಡೆದು ಹಾಕುವ ಅಗತ್ಯವೇ ಬರಲಿಲ್ಲ. ಸಪ್ಪೆ ವರದಿಗಳಲ್ಲಿ ಬಹುಪಾಲು ಭಾಷೆಯ ದೋಷದಿಂದ ಸಪ್ಪೆಯಾದವಲ್ಲ. ಮಾಹಿತಿ ಸಾಲದಾಗ ಆ ಜಾಗವನ್ನು ವಿಶೇಷಣಗಳು ತುಂಬುತ್ತವೆ.

ಆದ್ದರಿಂದ ಡೆಡ್‌ಲೈನ್ ಒಂದೇ ಇರಬಾರದು. ಮಾಸಿಕ ಸಂಚಿಕೆಗೆ ನಾಲ್ಕು ವಾರ ಸಿಗುತ್ತದೆ. ಮೊದಲ ವಾರ ಪ್ರತಿಯೊಬ್ಬರೂ ಮೂರು ವಾಕ್ಯದ ಪ್ರಸ್ತಾವ ಕೊಡಲಿ: ಸುದ್ದಿ ಏನು, ಓದುಗರಿಗೆ ಈಗ ಯಾಕೆ ಬೇಕು, ಯಾವ ಮೂವರನ್ನು ಮಾತಾಡಿಸುತ್ತೇನೆ. ಎರಡನೇ ವಾರದ ಕೊನೆಗೆ ಸಂದರ್ಶನದ ಟಿಪ್ಪಣಿಗಳನ್ನು ತೋರಿಸಬೇಕು. ಮೂರನೇ ವಾರ ಕರಡು, ವಿದ್ಯಾರ್ಥಿ ಸಂಪಾದಕರ ಓದು, ಎರಡನೇ ಕರಡು. ಕೊನೆಯ ವಾರ ಪುಟವಿನ್ಯಾಸ, ಪ್ರೂಫ್ (ಅಚ್ಚಿಗೆ ಮುಂಚಿನ ಪ್ರತಿಯಲ್ಲಿ ತಪ್ಪು ಹುಡುಕುವ ಓದು). ಇದರಲ್ಲಿ ಯಾವುದನ್ನು ಸಡಿಲಿಸಿದರೂ ಟಿಪ್ಪಣಿಯ ಡೆಡ್‌ಲೈನನ್ನು ಸಡಿಲಿಸಬೇಡಿ. ಯಾರೊಂದಿಗೂ ಮಾತಾಡಿಲ್ಲ ಎಂಬುದು ಅವತ್ತೇ ಗೊತ್ತಾದರೆ ಉಪಾಯವಿದೆ. ಪುಟ ಕಟ್ಟುವ ದಿನ ಗೊತ್ತಾದರೆ ಇಲ್ಲ.

ಸಂದರ್ಶನವನ್ನು ತರಗತಿಯಲ್ಲೇ ರೂಢಿ ಮಾಡಿಸಬಹುದು. ಇಬ್ಬರು ಹತ್ತು ನಿಮಿಷ ಮಾತಾಡಲಿ, ಮೂರನೆಯವರು ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಲಿ. ಆಮೇಲೆ ಉದ್ಧರಣ ಚಿಹ್ನೆಯೊಳಗೆ ಬರೆದುಕೊಂಡದ್ದನ್ನು ಧ್ವನಿಯ ಜೊತೆ ಹೋಲಿಸಿ ನೋಡಿ. ಪದಗಳು ಎಷ್ಟು ಜಾರಿವೆ ಎಂದು ಮಕ್ಕಳಿಗೇ ದಿಗಿಲಾಗುತ್ತದೆ. ‘ಹೌದು, ಇಲ್ಲ’ ಎಂದು ಮುಗಿಯುವ ಪ್ರಶ್ನೆಗಳನ್ನು ಮೊದಲೇ ತೆಗೆಸಿ. ಹೆಸರನ್ನು ಮಾತಾಡಿದವರ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಲಿ. ಸಂದೇಶದಲ್ಲಿ ಬಂದ ಉತ್ತರವನ್ನು ಬಳಸಿದರೆ, ಅದು ಸಂದೇಶದಲ್ಲಿ ಬಂದದ್ದು ಎಂದೇ ವರದಿಯಲ್ಲಿ ಹೇಳಬೇಕು. ಇನ್ನು ಸಮೀಕ್ಷೆ. 20 ಗೆಳೆಯರನ್ನು ಕೇಳಿ ‘ಶೇ. 70 ವಿದ್ಯಾರ್ಥಿಗಳ ಅಭಿಪ್ರಾಯ’ ಎಂದು ಬರೆಯುವುದು ಸುಳ್ಳಿಗೆ ಬಹಳ ಹತ್ತಿರ. ‘ಮಾತಾಡಿಸಿದ 20 ಮಂದಿಯಲ್ಲಿ 14 ಮಂದಿ’ ಎನ್ನುವುದೇ ಪ್ರಾಮಾಣಿಕತೆ.

ಟೀಕೆಗೆ ಒಳಗಾದವರಿಗೆ ಉತ್ತರಿಸಲು ಅವಕಾಶ ಕೊಡುವ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅಮೆರಿಕದ ಮಿಸ್ಸೂರಿ ರಾಜ್ಯದ ಹೇಝಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ 1983ರಲ್ಲಿ ಪ್ರಿನ್ಸಿಪಾಲರು ವಿದ್ಯಾರ್ಥಿ ಪತ್ರಿಕೆಯ ಎರಡು ಪುಟಗಳನ್ನೇ ತೆಗೆಸಿದರು. ಹದಿಹರೆಯದ ಗರ್ಭಧಾರಣೆ ಮತ್ತು ತಂದೆತಾಯಿಯರ ವಿಚ್ಛೇದನದ ಕುರಿತ ಲೇಖನಗಳು ಅವರ ಆಕ್ಷೇಪಕ್ಕೆ ಗುರಿಯಾಗಿದ್ದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1988ರಲ್ಲಿ 5–3ರ ಬಹುಮತದ ತೀರ್ಪು ಶಾಲೆಯ ಪರವಾಗಿ ಬಂತು. ಆ ತೀರ್ಪು ವಿದ್ಯಾರ್ಥಿ ಪತ್ರಿಕೆಗಳಿಗೆ ದೊಡ್ಡ ಪೆಟ್ಟು ಎಂದೇ ನನ್ನ ಭಾವನೆ. ಮುಂದೆ ಅಲ್ಲಿನ ಹಲವು ರಾಜ್ಯಗಳು ವಿದ್ಯಾರ್ಥಿಗಳ ರಕ್ಷಣೆಗೆ ಬೇರೆ ಕಾನೂನು ಮಾಡಬೇಕಾಯಿತು. ಆದರೆ ಪ್ರಿನ್ಸಿಪಾಲರು ಕೊಟ್ಟ ಕಾರಣಗಳಲ್ಲಿ ನಮಗೆ ಪಾಠವಿದೆ. ಗರ್ಭಿಣಿಯರ ಹೆಸರು ಬದಲಿಸಿದ್ದರೂ ಇತರ ವಿವರಗಳಿಂದ ಅವರು ಯಾರೆಂದು ತಿಳಿಯಬಹುದಿತ್ತು ಎಂಬುದು ಒಂದು. ಮಗಳ ಟೀಕೆಗೆ ಗುರಿಯಾದ ತಂದೆಗೆ ಉತ್ತರಿಸಲು ಅವಕಾಶ ಸಿಕ್ಕಿರಲಿಲ್ಲ ಎಂಬುದು ಇನ್ನೊಂದು. ತಿದ್ದಿಸಲು ಸಮಯ ಉಳಿದಿಲ್ಲ ಎಂದು ಭಾವಿಸಿ ಅವರು ಪುಟಗಳನ್ನೇ ಕೈಬಿಟ್ಟರು.

ಹೆಸರು ಮರೆಮಾಚಿದ ವರದಿ ಬಂದಾಗ ತರಗತಿ, ಆಟದ ತಂಡ, ಅಣ್ಣತಮ್ಮಂದಿರ ಸಂಖ್ಯೆ ಇಂಥವನ್ನೆಲ್ಲ ಒಟ್ಟಿಗೆ ಇಟ್ಟು, ಸಹಪಾಠಿಯೊಬ್ಬ ಗುರುತು ಹಿಡಿಯಬಲ್ಲನೇ ಎಂದು ಸಂಪಾದಕರು ಯೋಚಿಸಲಿ. ಯಾರ ಮೇಲಾದರೂ ಆರೋಪವಿದ್ದರೆ ಆ ಆರೋಪವನ್ನೇ ಸ್ಪಷ್ಟವಾಗಿ ತಿಳಿಸಿ, ಕನಿಷ್ಠ ಒಂದು ಪೂರ್ಣ ದಿನ ಕೊಟ್ಟು ಪ್ರತಿಕ್ರಿಯೆ ಕೇಳಬೇಕು. ಕೇಳಿದ ದಿನ, ಗಂಟೆಯನ್ನು ಟಿಪ್ಪಣಿಯಲ್ಲಿ ಗುರುತಿಸಿಕೊಳ್ಳಬೇಕು.

ಮುಖ್ಯೋಪಾಧ್ಯಾಯರ ಜೊತೆಗಿನ ತಿಕ್ಕಾಟ ಸಾಮಾನ್ಯವಾಗಿ ಹುಟ್ಟುವುದು ಅನಿರೀಕ್ಷಿತದಿಂದ. ಕಟುವಾದ ವರದಿ ಬರಲಿದೆ ಎಂದು ಸಂಪಾದಕರೇ ಹೋಗಿ ಮುಂಚಿತವಾಗಿ ಹೇಳಲಿ. ಅದು ತಿಳಿಸುವುದು, ಅನುಮತಿ ಬೇಡುವುದಲ್ಲ. ವರ್ಷದ ಆರಂಭದಲ್ಲೇ ಒಂದೆರಡು ಪುಟದ ಲಿಖಿತ ನೀತಿ ಸಿದ್ಧವಾಗಿರಲಿ: ಏನು ಅಚ್ಚಾಗಬೇಕೆಂದು ತೀರ್ಮಾನಿಸುವವರು ಯಾರು, ಅಚ್ಚಾದ ತಪ್ಪಿನ ತಿದ್ದುಪಡಿ ಎಲ್ಲಿ ಪ್ರಕಟವಾಗುತ್ತದೆ, ಹಳೆಯ ವರದಿಯನ್ನು ಜಾಲತಾಣದಿಂದ ತೆಗೆಯಿರಿ ಎಂದು ಯಾರಾದರೂ ಕೇಳಿದರೆ ಏನು ಮಾಡಬೇಕು. ಈ ಕೊನೆಯ ಬೇಡಿಕೆ ಬಂದೇ ಬರುತ್ತದೆ. ಆಗ ನಿಯಮ ಹುಡುಕಲು ಹೊರಟರೆ ಕೇಳಿದವರ ಮುಖ ನೋಡಿ ತೀರ್ಮಾನ ಮಾಡುವಂತಾಗುತ್ತದೆ.

ಪ್ರೂಫನ್ನು ಕಾಗದದ ಮೇಲೆಯೇ, ಮೂರು ಸುತ್ತು ಓದಿಸಿ. ಮೊದಲ ಸುತ್ತಿನಲ್ಲಿ ಹೆಸರು ಮತ್ತು ಅಂಕಿ ಮಾತ್ರ, ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು. ಎರಡನೆಯದರಲ್ಲಿ ಶೀರ್ಷಿಕೆ ಮತ್ತು ಫೋಟೋ ಅಡಿಬರಹ, ಗಟ್ಟಿಯಾಗಿ ಓದುತ್ತಾ. ಮೂರನೆಯದು ಪೂರ್ತಿ ಪುಟ, ಆ ವರದಿಯನ್ನು ಅದುವರೆಗೆ ನೋಡಿರದ ಒಬ್ಬರಿಂದ. ಎಲ್ಲರೂ ಒಟ್ಟಿಗೆ ಎಲ್ಲವನ್ನೂ ನೋಡಿದ ಪುಟದಲ್ಲಿ ದಪ್ಪಕ್ಷರದ ಶೀರ್ಷಿಕೆಯ ತಪ್ಪೇ ಉಳಿದುಕೊಳ್ಳುತ್ತದೆ, ಯಾಕೆಂದರೆ ಅದನ್ನು ಇನ್ನೊಬ್ಬರು ಓದಿರುತ್ತಾರೆ ಎಂದು ಪ್ರತಿಯೊಬ್ಬರೂ ನಂಬಿರುತ್ತಾರೆ.