ಹೆಬ್ಬೆರಳಿನ ಗಂಟು: ಎರಡನೆಯ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟೆದ್ದು, ಬೆರಳು ಪಕ್ಕದ ಬೆರಳಿನ ಮೇಲೆ ವಾಲಿಕೊಂಡವರನ್ನು ನೀವು ನೋಡಿರುತ್ತೀರಿ. ವೈದ್ಯರು ಅದನ್ನು ಬನಿಯನ್ ಎನ್ನುತ್ತಾರೆ, ಚೀಟಿಯಲ್ಲಿ ಹ್ಯಾಲಕ್ಸ್ ವ್ಯಾಲ್ಗಸ್ ಎಂದು ಬರೆಯುತ್ತಾರೆ. ಅದಕ್ಕೆ ಒಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನೆನೆಸಿದಷ್ಟು ಗುಣ ಕಾಣದೆ, ಇನ್ನೊಮ್ಮೆ ಮಾಡಿಸಿಕೊಳ್ಳಲೋ ಬೇಡವೋ ಎಂದು ತೂಗುತ್ತಿರುವವರಿಗಾಗಿ ಇಂದಿನ ಮಾತು. ಅಥಣಿಯ ಶಾಲೆಯಲ್ಲಿ ಇಡೀ ನೌಕರಿ ನಿಂತುಕೊಂಡೇ ಪಾಠ ಹೇಳಿದ ನಾನೂ ಅವರಲ್ಲಿ ಒಬ್ಬಳು.

‘ಆಪರೇಷನ್ ಫೇಲಾಯಿತು’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಒಬ್ಬರಿಗೆ ಗಂಟು ಮರಳಿ ಎದ್ದಿರುತ್ತದೆ. ಇನ್ನೊಬ್ಬರಿಗೆ ಬೆರಳು ನೆಟ್ಟಗಿದೆ, ಮಡಚಲು ಬರುವುದಿಲ್ಲ. ಕತ್ತರಿಸಿ ಜೋಡಿಸಿದ ಎಲುಬು ಕೂಡಿಕೊಳ್ಳದೆ ಉಳಿದಿರಬಹುದು, ಸ್ಕ್ರೂ ಚುಚ್ಚುತ್ತಿರಬಹುದು, ಗಾಯದ ಗೆರೆಯ ಬಳಿ ನರಕ್ಕೆ ಪೆಟ್ಟಾಗಿ ಚಾದರ ತಾಗಿದರೂ ಉರಿಯಬಹುದು. ಅತಿಯಾಗಿ ತಿದ್ದಿದ್ದರಿಂದ ಬೆರಳು ಎದುರು ದಿಕ್ಕಿಗೆ ಹೊರಳಿದವರೂ ಇದ್ದಾರೆ. ಇವೆಲ್ಲಕ್ಕೂ ಮದ್ದು ಒಂದೇ ಅಲ್ಲ. ಇವುಗಳಲ್ಲಿ ಕೆಲವಕ್ಕೆ ಸ್ಕ್ರೂ ತೆಗೆದರೆ ಸಾಕು. ನರದ ಉರಿಗೆ ಎಲುಬನ್ನು ಮತ್ತೆ ಕತ್ತರಿಸಿ ಏನೂ ಪ್ರಯೋಜನವಿಲ್ಲ.

ನನ್ನ ಬಲಗಾಲಿನ ಮೊದಲ ಶಸ್ತ್ರಚಿಕಿತ್ಸೆ ಪರಊರಿನಲ್ಲಿ ಆಯಿತು. ಆಸ್ಪತ್ರೆಯ ಹೆಸರು ಬೇಡ. ಉಬ್ಬಿದ ಎಲುಬನ್ನು ಕೆತ್ತಿ ಹೊಲಿಗೆ ಹಾಕಿದರು. ಬೆರಳು ನೆಟ್ಟಗಾಯಿತು, ಓಣಿಯವರೆಲ್ಲ ಬಂದು ನೋಡಿ ಹೋದರು. ಆಮೇಲೆ ಅದು ಮೆಲ್ಲಗೆ ವಾಲತೊಡಗಿತು. ಯಾಕೆಂದರೆ ಗಂಟು ಎನ್ನುವುದು ಬಹುಪಾಲು ಹೊಸದಾಗಿ ಬೆಳೆದ ಎಲುಬಲ್ಲ. ಪಾದದೊಳಗಿನ ಮೊದಲನೆಯ ಉದ್ದ ಎಲುಬೇ ಒಳಮಗ್ಗುಲಿಗೆ ಸರಿದು, ಅದರ ತುದಿ ಹೊರಗೆ ಚಾಚಿರುತ್ತದೆ. ತುದಿಯನ್ನು ಕೆತ್ತಿದರೆ ಸರಿದ ಎಲುಬು ಸ್ವಸ್ಥಾನಕ್ಕೆ ಬರುವುದಿಲ್ಲ. ಆ ಎಲುಬಿಗೂ ಎರಡನೆಯದಕ್ಕೂ ನಡುವಿನ ಕೋನ ಸುಮಾರು 9 ಡಿಗ್ರಿಯೊಳಗೆ, ಹೆಬ್ಬೆರಳಿನ ವಾಲು 15ರೊಳಗೆ ಇದ್ದರೆ ಸಹಜ. ಈ ಲೆಕ್ಕ ಹಿಡಿಯಬೇಕಾದರೆ ಎಕ್ಸ್-ರೇಯನ್ನು ನಿಂತುಕೊಂಡು, ಮೈಭಾರವೆಲ್ಲ ಪಾದದ ಮೇಲೆ ಬಿಟ್ಟು ತೆಗೆಸಬೇಕು. ಮೊದಲ ಸಲ ನನ್ನನ್ನು ಮಲಗಿಸಿ ತೆಗೆದಿದ್ದರು.

ಎರಡನೆಯ ಅಭಿಪ್ರಾಯ ಕೇಳಲು ಬೆಳಗಾವಿಗೆ ಹೋದೆ. ಮಿರಜ್ ನಮಗೆ ಹತ್ತಿರ, ಆದರೆ ಮಗಳ ಮನೆ ಬೆಳಗಾವಿಯಲ್ಲಿದೆ. ಆ ವೈದ್ಯರು ನನ್ನ ಫೈಲನ್ನು ಬದಿಗಿಟ್ಟು, “ಅಕ್ಕೋರೇ, ನಿಮ್ಮ ಚಪ್ಪಲಿ ಕೊಡಿ” ಎಂದರು. ನಮ್ಮೂರಿನಲ್ಲೇ ಹೊಲಿದ ಚರ್ಮದ ಚಪ್ಪಲಿ ಅದು. ಕೊಲ್ಹಾಪುರಿ ಎಂದು ಮಾರಾಟವಾಗುವ ಚಪ್ಪಲಿಯಲ್ಲಿ ಅಥಣಿಯ ಕೈಕೆಲಸ ಎಷ್ಟೋ ಇದೆ, 2019ರಲ್ಲಿ ಅದಕ್ಕೆ ಸಿಕ್ಕ ಜಿ.ಐ. ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ಕೊಲ್ಹಾಪುರದ ಕಡೆಯ ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ಹದವಾಗಿ ಸವೆದ ಆ ಅಟ್ಟೆಯ ಮೇಲೆ ಪಾದದ ಅಚ್ಚೇ ಮೂಡಿರುತ್ತದೆ. ಹೆಬ್ಬೆರಳಿನ ಜಾಗದಲ್ಲಿ ಚರ್ಮ ಇನ್ನೂ ಹೊಸದರಂತಿತ್ತು. ಎರಡನೆಯ ಬೆರಳಿನ ಬುಡದಲ್ಲಿ ಮಾತ್ರ ಕಪ್ಪಗೆ ಕುಳಿ ಬಿದ್ದಿತ್ತು. ಅದೇ ಜಾಗದಲ್ಲಿ ನನ್ನ ಅಂಗಾಲು ಜಡ್ಡುಗಟ್ಟಿತ್ತು. ಹೆಬ್ಬೆರಳು ಹೊರಬೇಕಾದ ಭಾರವನ್ನು ಪಕ್ಕದ್ದು ಹೊರುತ್ತಿದೆ ಎಂದರು.

ಆಗ ಒಂದು ಪ್ರಶ್ನೆ ಕೇಳಿದರು: “ನೋವು ಎಲ್ಲಿ? ಒಂದೇ ಬೆರಳಿನಿಂದ ತೋರಿಸಿ.” ಗಂಟನ್ನು ತೋರಿಸಲು ಹೋದ ಕೈ ತಾನಾಗಿ ಅಂಗಾಲಿಗೆ ಹೋಯಿತು. ಇಷ್ಟು ದಿನ ಗಂಟನ್ನೇ ಬೈಯುತ್ತಿದ್ದೆ, ನೋವಿದ್ದದ್ದು ಬೇರೆ ಕಡೆ. ಎರಡನೆಯ ಶಸ್ತ್ರಚಿಕಿತ್ಸೆಯ ವಿಚಾರದಲ್ಲಿರುವವರು ಮೊದಲು ಇದನ್ನೇ ಮಾಡಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಸೊಟ್ಟ ಬೆರಳು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮತ್ತೆ ಕೊಯ್ಯಿಸಿಕೊಳ್ಳುವುದು ಬೇಡ.

ಇನ್ನು ಎರಡನೆಯದು ಮೊದಲನೆಯದರ ಪುನರಾವರ್ತನೆಯಲ್ಲ. ಬನಿಯನ್‌ಗೆ ನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು ದಾಖಲಾಗಿವೆ. ಮರಳಿ ಬಂದದ್ದಕ್ಕೆ ಸಾಮಾನ್ಯವಾಗಿ ಎರಡು ದಾರಿ ಮುಂದಿಡುತ್ತಾರೆ. ಹೆಬ್ಬೆರಳಿನ ಕೀಲೇ ಸವೆದುಹೋಗಿದ್ದರೆ ಅದನ್ನು ಬೆಸೆದುಬಿಡುವುದು ಒಂದು. ನೋವು ಹೋಗುತ್ತದೆ, ಬೆರಳು ಮತ್ತೆ ವಾಲುವ ಭಯ ಬಹಳ ಕಡಿಮೆ. ಆದರೆ ಆ ಕೀಲು ಇನ್ನೆಂದೂ ಮಡಚುವುದಿಲ್ಲ. ಬೆರಳನ್ನು ತುಸು ಮೇಲೆತ್ತಿದಂತೆ ಕೂರಿಸುವುದರಿಂದ ನಡಿಗೆಗೆ ಹೆಚ್ಚು ತೊಡಕಾಗದು. ತುದಿಗಾಲಿನಲ್ಲಿ ಕೂರುವುದು, ಬೆರಳೂರಿ ನೆಲದಿಂದ ಏಳುವುದು ಕಷ್ಟ. ನೆಲದಲ್ಲಿ ಕುಳಿತು ರೊಟ್ಟಿ ಬಡಿಯುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ, ಮೊದಲೇ ಕೇಳಿಕೊಳ್ಳಿ.

ಎರಡನೆಯ ದಾರಿಯ ಹೆಸರು ಲ್ಯಾಪಿಡಸ್. 1934ರಲ್ಲಿ ಅದರ ಬಗ್ಗೆ ಬರೆದ ಅಮೆರಿಕದ ಶಸ್ತ್ರವೈದ್ಯ ಪಾಲ್ ಲ್ಯಾಪಿಡಸ್ ಅವರ ಹೆಸರೇ ಅದಕ್ಕೆ ಉಳಿದಿದೆ. ಸರಿದ ಎಲುಬನ್ನು ಬುಡದಲ್ಲೇ ತಿದ್ದಿ, ಪಾದದ ನಡುವಿನ ಕೀಲನ್ನು ಬೆಸೆಯುತ್ತಾರೆ. ಆ ಕೀಲು ಸಹಜವಾಗಿಯೂ ಅಲುಗುವುದು ಅತ್ಯಲ್ಪ, ಹಾಗಾಗಿ ಹೆಬ್ಬೆರಳು ಮಡಚುವುದು ಉಳಿಯುತ್ತದೆ. ವೈದ್ಯರು ನನ್ನ ಪಾದ ಹಿಡಿದು ಆ ಬುಡವನ್ನು ಮೇಲೆ ಕೆಳಗೆ ತಳ್ಳಿದಾಗ ಅದು ಸಡಿಲ ಬಾಗಿಲಿನಂತೆ ಆಡುತ್ತಿತ್ತು. ಬೆರಳಿನ ಕೀಲು ಮಾತ್ರ ನುಣುಪಾಗಿಯೇ ಇತ್ತು. ಆದ್ದರಿಂದ ನನಗೆ ಇದೇ ಸೂಕ್ತ ಎಂದರು. ಅಂಗಾಲಿನ ನೋವು ಪೂರ್ತಿ ಹೋಗುವುದಾಗಿ ಮಾತು ಕೊಡುವುದಿಲ್ಲ, ಎರಡನೆಯ ಎಲುಬನ್ನೂ ಸ್ವಲ್ಪ ಗಿಡ್ಡ ಮಾಡಬೇಕಾಗಬಹುದು ಎಂದೂ ಹೇಳಿದರು. ಭರವಸೆ ಕೊಡಲಿಲ್ಲವೆಂದೇ ನನಗೆ ಅವರ ಮೇಲೆ ನಂಬಿಕೆ ಬಂತು.

ಅವಸರಪಡುವ ಕಾರಣವಿಲ್ಲ. ಮೊದಲ ಶಸ್ತ್ರಚಿಕಿತ್ಸೆಯ ಊತ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷವೇ ಬೇಕು. ಅಲ್ಲಿಯವರೆಗೆ ಕೆಟ್ಟಿತು ಎಂದು ತೀರ್ಮಾನಿಸಲಾಗದು. ಕೀವು, ಜ್ವರ, ಮುರಿದ ಸ್ಕ್ರೂ ಇದ್ದರೆ ಮಾತ್ರ ಕಾಯಬಾರದು. ನಡುವೆ ಬೆರಳಿನ ಕಡೆ ಅಗಲವಾದ ಪಾದರಕ್ಷೆ, ಅಂಗಾಲಿನ ಕೆಳಗೆ ಮೆತ್ತೆ ಹಾಕಿ ನೋಡಬಹುದು. ಅವು ಬೆರಳನ್ನು ನೆಟ್ಟಗೆ ಮಾಡುವುದಿಲ್ಲ, ನೋವನ್ನು ಕಡಿಮೆ ಮಾಡಬಲ್ಲವು. ಅಷ್ಟಕ್ಕೇ ಸಮಾಧಾನವಾದವರು ಅಲ್ಲಿಗೇ ನಿಲ್ಲಿಸಿದರೆ ತಪ್ಪೇನಿಲ್ಲ.

ಬೆಸುಗೆಯ ಶಸ್ತ್ರಚಿಕಿತ್ಸೆಯಲ್ಲಿ ಎಲುಬು ಕೂಡುವುದೇ ಮುಖ್ಯ. ಅದಕ್ಕೇ ಸಕ್ಕರೆಯ ಪ್ರಮಾಣ, ಪಾದದ ನಾಡಿ, ತಂಬಾಕು ಇವನ್ನೆಲ್ಲ ವಿಚಾರಿಸುತ್ತಾರೆ. ಬೀಡಿ, ಸಿಗರೇಟಷ್ಟೇ ಅಲ್ಲ, ನಮ್ಮ ಕಡೆ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. ವೈದ್ಯರು ಅದನ್ನು ಕೇಳಿದಾಗ ನನ್ನ ಜೊತೆ ಬಂದಿದ್ದ ನಾದಿನಿ ಸೆರಗಿನ ಗಂಟನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದಳು.

ನಾನು ಒಪ್ಪಿಕೊಂಡಿದ್ದೇನೆ. ಸುಗ್ಗಿ ಮುಗಿದು, ಜೋಳದ ರಾಶಿ ಮನೆಗೆ ಬಂದ ಮೇಲೆ. ಸುಮಾರು ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಆಗ ಸೊಸೆಗೆ ಹೊಲದ ಕೆಲಸ ಇರುವುದಿಲ್ಲ. ಹಾಸಿಗೆಯನ್ನು ಪಡಸಾಲೆಗೆ ತಂದುಕೊಳ್ಳಬೇಕು, ಬಚ್ಚಲಿನ ಗೋಡೆಗೆ ಹಿಡಿಕೆ ಕೂರಿಸಬೇಕು, ವಾಕರ್ ದಾಟುವಂತೆ ಹೊಸ್ತಿಲಿಗೆ ಹಲಗೆಯ ಇಳಿಜಾರು ಮಾಡಿಸಬೇಕು. ಬಡಿಗನಿಗೆ ಹೇಳಿಯಾಗಿದೆ.

ಎಡಗಾಲಿನ ಬೆರಳು ಬಲಗಾಲಿನದಕ್ಕಿಂತ ಹೆಚ್ಚು ಸೊಟ್ಟಗಿದೆ. ಎರಡನ್ನೂ ಒಟ್ಟಿಗೇ ಮುಗಿಸಿಬಿಡು ಎಂದು ಮನೆಯವರ ಒತ್ತಾಯ. ಅದು ನೋಯುವುದಿಲ್ಲ, ಹಾಗಾಗಿ ಅದರ ಗೊಡವೆಗೆ ಹೋಗುವುದಿಲ್ಲ ಎಂದು ಹೇಳಿದ್ದೇನೆ. ನಮಸ್ಕಾರ.